ಮೂರು ಕಡ್ಡಿ, ಒಂದೂವರೆ ಸಾವಿರ ಹೊಲಿಗೆ: ಪೋಮೋ ವಿಧಾನದ ಕಿರುಬುಟ್ಟಿ ಕಟ್ಟಿದ ದಾಖಲೆ

ಮೂರು ಸಪೂರ ಕಡ್ಡಿಗಳನ್ನು ಒಟ್ಟಾಗಿ ಸುರುಳಿ ಸುತ್ತುತ್ತ, ಪ್ರತಿ ಸುತ್ತನ್ನೂ ಹಿಂದಿನ ಸುತ್ತಿಗೆ ನಾರಿನ ಎಳೆಯಿಂದ ಹೊಲಿದು ಕಟ್ಟಿದ ಪುಟ್ಟ ಬುಟ್ಟಿ ಇದು; ಪೋಮೋ ಅನ್ನುವುದು ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳ ಹೆಸರು. ಅಳತೆ ಮೊದಲು ಹೇಳಿಬಿಡೋಣ. ಹೊಟ್ಟೆಯ ಅಗಲ 29 ಮಿಮೀ, ಬಾಯಿ 23 ಮಿಮೀ, ಎತ್ತರ 16 ಮಿಮೀ. ಹತ್ತು ರೂಪಾಯಿ ನಾಣ್ಯದ ಮೇಲೆ ಕೂರಿಸಿದರೆ ನಾಣ್ಯದ ಅಂಚು ಮರೆಯಾಗುತ್ತದೆ, ಅಷ್ಟೇ. ತಳದ ಮೊಗ್ಗು, ಅಂದರೆ ಸುರುಳಿ ಶುರುವಾಗುವ ನಡುಗುಂಡು, ಬಿಟ್ಟು 19 ಸುತ್ತು, ಸುಮಾರು 1,500 ಹೊಲಿಗೆ. ಹೊಲಿಗೆಗೊಂದು ನಿಮಿಷ ಹಿಡಿದರೆ 25 ಗಂಟೆ ಆಯಿತು. ಆದರೆ ಮೊದಲ ಹೊಲಿಗೆ ಹಾಕುವ ಮುಂಚೆ ಕಡ್ಡಿ ಎಳೆಯಲು, ನಾರು ಸೀಳಲು, ಬಣ್ಣ ಕಟ್ಟಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಹೋಗುತ್ತದೆ. ಅದನ್ನು ಉಳಿಸಲು ಹೋದವರ ಬುಟ್ಟಿ ನಾಲ್ಕನೇ ಸುತ್ತಿಗೇ ಸೊಟ್ಟಗಾಗಿರುತ್ತದೆ. ದೊಡ್ಡ ಬುಟ್ಟಿಯಲ್ಲಿ ಎಳೆ ಕಾಲು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ಯಾರೂ ಗಮನಿಸುವುದಿಲ್ಲ. 0.8 ಮಿಮೀ ಎಳೆಯಲ್ಲಿ ಕಾಲು ಮಿಲಿಮೀಟರ್ ಅಂದರೆ ಮೂರರಲ್ಲೊಂದು ಪಾಲು. ಕಿರುಬುಟ್ಟಿಯ ಕಷ್ಟ ಪೂರಾ ಇರುವುದು ಈ ಲೆಕ್ಕದಲ್ಲಿ.

ಈ ವಿಧಾನ ಯಾರದ್ದು ಅನ್ನುವುದು ತಿಳಿಯದೆ ಕೈಹಾಕುವುದು ಸರಿಯಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕೆ, ಇಂದಿನ ಮೆಂಡೊಸಿನೊ, ಸೊನೋಮಾ, ಲೇಕ್ ಕೌಂಟಿಗಳಲ್ಲಿ, ರಷ್ಯನ್ ನದಿಯ ಕಣಿವೆಯಿಂದ ಕ್ಲಿಯರ್ ಲೇಕ್ ಸರೋವರದ ದಂಡೆಯವರೆಗೆ ಬಾಳಿದ, ಈಗಲೂ ಬಾಳುತ್ತಿರುವ ಹಲವು ಮೂಲನಿವಾಸಿ ಸಮುದಾಯಗಳಿಗೆ ಒಟ್ಟಾಗಿ ಪೋಮೋ ಎನ್ನುತ್ತಾರೆ. ಅವರ ಭಾಷೆಗಳು ಏಳು. ಒಂದೇ ಕುಟುಂಬಕ್ಕೆ ಸೇರಿದರೂ ಒಂದನ್ನಾಡುವವರಿಗೆ ಇನ್ನೊಂದು ಅರ್ಥವಾಗದು. ಓಕ್ ಮರದ ಕಾಯಿಯ ಹಿಟ್ಟನ್ನು ಬುಟ್ಟಿಯಲ್ಲೇ ನೀರು ಹಾಕಿ ಕಲಸಿ, ಕಾಯಿಸಿದ ಕಲ್ಲು ಇಳಿಬಿಟ್ಟು ಗಂಜಿ ಬೇಯಿಸುತ್ತಿದ್ದ ಜನ ಇವರು. ನೀರು ಸೋರದಷ್ಟು ಬಿಗಿಯಾಗಿ ಹೆಣೆಯುವ ಕೈ ಅವರಿಗೆ ಅಡುಗೆಮನೆಯಿಂದಲೇ ಬಂದದ್ದು. ಕ್ಯಾಲಿಫೋರ್ನಿಯಾದ ಬೇರೆ ಸಮುದಾಯಗಳಲ್ಲಿ ಹೆಚ್ಚಾಗಿ ಸುರುಳಿ ಹೊಲಿಗೆಯೋ ನೇಯ್ಗೆಯೋ ಒಂದು ಮೇಲುಗೈಯಾದರೆ, ಪೋಮೋ ಜನ ಎರಡನ್ನೂ ಹಲವು ಬಗೆಗಳಲ್ಲಿ ಬೆಳೆಸಿದರು. ಮೀನಿನ ಕೂಳಿ, ಮಗುವಿನ ತೊಟ್ಟಿಲು, ಒರಟು ಹೊರೆಬುಟ್ಟಿಗಳನ್ನು ಗಂಡಸರು ಹೆಣೆಯುತ್ತಿದ್ದರು. ನಯವಾದ ಸುರುಳಿಬುಟ್ಟಿ ಬಹುಪಾಲು ಹೆಂಗಸರ ಕೈಕೆಲಸ.

ಕಿರುಬುಟ್ಟಿಗೆ ಬೇಡಿಕೆ ಕುದುರಿದ್ದು 19ನೇ ಶತಮಾನದ ಕೊನೆಗೆ. ಅಷ್ಟು ಹೊತ್ತಿಗೆ ನೆಲ ಕೈತಪ್ಪಿತ್ತು. 1850ರ ಮೇ ತಿಂಗಳಲ್ಲಿ ಕ್ಲಿಯರ್ ಲೇಕ್‌ನ ದ್ವೀಪವೊಂದರಲ್ಲಿ ಅಮೆರಿಕದ ಸೈನ್ಯ ನಡೆಸಿದ ಕಗ್ಗೊಲೆಯಿಂದಾಗಿ ಆ ಜಾಗಕ್ಕೆ ಬ್ಲಡಿ ಐಲ್ಯಾಂಡ್ ಎಂದೇ ಹೆಸರು ಬಿತ್ತು. ಬದುಕುಳಿದವರು ಬಿಯರ್‌ಗೆ ಹಾಕುವ ಹಾಪ್ಸ್ ಹೂವಿನ ತೋಟಗಳಲ್ಲಿ ಕೂಲಿ ಮಾಡಿದರು. ಯೂಕಾಯಾ ಊರಿನ ಹತ್ತಿರದ ಒಂದು ಗುಂಪು 1881ರಲ್ಲಿ ತಾವೇ ಹಣ ಕೂಡಿಸಿ ತಮ್ಮ ನೆಲದ ತುಂಡೊಂದನ್ನು ಮರಳಿ ಕೊಂಡಿತು. ಇದೇ ಕಾಲಕ್ಕೆ ಪೇಟೆಯವರಿಗೆ ಬುಟ್ಟಿ ಸಂಗ್ರಹಿಸುವ ಹುಚ್ಚು ಹಿಡಿಯಿತು. ಗಾಜಿನ ಕಪಾಟಿನಲ್ಲಿ ಇಡುವವರಿಗೆ ದೊಡ್ಡ ಹೊರೆಬುಟ್ಟಿ ಬೇಕಿರಲಿಲ್ಲ. ಬೆರಳ ತುದಿಯಲ್ಲಿ ಕೂರುವ, ಗುಂಡುಪಿನ್ನಿನ ತಲೆಗೆ ಸಾಟಿಯಾಗುವ ಬುಟ್ಟಿಗಳೂ ಹುಟ್ಟಿದ್ದು ಆಗ. ವಿಲಿಯಂ ಬೆನ್ಸನ್ ಮತ್ತು ಮೇರಿ ನೈಟ್ ಬೆನ್ಸನ್ ಎಂಬ ಪೋಮೋ ದಂಪತಿ 1904ರ ಸೇಂಟ್ ಲೂಯಿಸ್ ವಿಶ್ವಮೇಳದಲ್ಲಿ ಕುಳಿತು ಹೆಣೆದು ತೋರಿಸಿದರು. ಗಂಡಸಾಗಿ ವಿಲಿಯಂ ಅತಿನಯದ ಸುರುಳಿಬುಟ್ಟಿಗೂ ಕಿರುಬುಟ್ಟಿಗೂ ಹೆಸರಾದದ್ದು ಅಂದಿನ ರೂಢಿಗೆ ಹೊರತಾದ ಸಂಗತಿ. ಈ ದಂಪತಿಯ ಕೆಲಸವನ್ನು ಪಾಸಡೀನಾದ ವ್ಯಾಪಾರಿ ಗ್ರೇಸ್ ನಿಕಲ್ಸನ್ ವರ್ಷಗಟ್ಟಲೆ ಕೊಂಡರು. ಮಾರಾಟಕ್ಕಾಗಿ ಹುಟ್ಟಿತು ಎಂದು ಕಿರುಬುಟ್ಟಿಯನ್ನು ಕಡಿಮೆ ಮಾಡಿ ನೋಡುವವರಿದ್ದಾರೆ. ಅದು ತಪ್ಪು. ವಿಧಾನದಲ್ಲಿ ಎಲ್ಲಿಯೂ ಒಂದು ಹಂತ ಬಿಟ್ಟಿಲ್ಲ, ಒಂದು ಹೊಲಿಗೆ ಕದ್ದಿಲ್ಲ.

ಅವರ ನಾರು

ಹೊಲಿಯುವ ಬಿಳಿ ಎಳೆ ಸೆಡ್ಜ್ ಹುಲ್ಲಿನದು, ನಮ್ಮ ಜೇಕು, ಕೊನ್ನಾರಿಯ ಕುಟುಂಬ. ಹೆಸರು ಕ್ಯಾರೆಕ್ಸ್ ಬಾರ್ಬರೆ. ಬೇರು ಎಂದು ಕರೆದರೂ ಅದು ಬೇರಲ್ಲ, ಮಣ್ಣಿನೊಳಗೆ ಅಡ್ಡ ಹರಿಯುವ ಕಾಂಡ. ಹೊಳೆದಂಡೆಯ ಮರಳುಮಿಶ್ರಿತ ಸಡಿಲ ಮಣ್ಣಿನಲ್ಲಿ ಅದು ನೇರವಾಗಿ, ಉದ್ದವಾಗಿ ಓಡುತ್ತದೆ; ಗಟ್ಟಿ ಮಣ್ಣಿನಲ್ಲಿ, ಕಲ್ಲು ಸಿಕ್ಕಲ್ಲಿ, ತಿರುಚಿ ಕವಲೊಡೆಯುತ್ತದೆ. ಆದ್ದರಿಂದ ಅಗೆಯುವವರೇ ಅದರ ಬೇಸಾಯಗಾರರು. ಮಣ್ಣು ಸಡಿಲಿಸಿ, ಕಲ್ಲು ಹೆಕ್ಕಿ, ಕೆಲವು ಕಾಂಡ ತೆಗೆದು ಕೆಲವನ್ನು ಬಿಟ್ಟು, ಮಣ್ಣು ಮುಚ್ಚಿ ಬಂದರೆ ಮುಂದಿನ ಸಲ ಇನ್ನೂ ನೇರವಾದ ಕಾಂಡ ಸಿಗುತ್ತದೆ. ಸೊನೋಮಾದ ಡ್ರೈ ಕ್ರೀಕ್ ತೊರೆಗೆ ವಾರ್ಮ್ ಸ್ಪ್ರಿಂಗ್ಸ್ ಅಣೆಕಟ್ಟು ಕಟ್ಟುವಾಗ ಇಂಥ ಸೆಡ್ಜ್ ಪಾತಿಗಳು ಮುಳುಗಡೆಯಾಗಲಿದ್ದವು. ಹೆಣೆಯುವವರ ಒತ್ತಾಯದಿಂದ ಗಿಡಗಳನ್ನು ಕಿತ್ತು ಬೇರೆಡೆ ನೆಡಲಾಯಿತು.

ತಂದ ಕಾಂಡವನ್ನು ಹಸಿಯಿರುವಾಗಲೇ ಉದ್ದುದ್ದ ಎರಡಾಗಿ ಸೀಳಬೇಕು. ಇದನ್ನು ಹತ್ತಿರದಿಂದ ನೋಡುವುದು ಚೆಂದ. ತುದಿಯಲ್ಲಿ ಉಗುರಿನಿಂದ ಸೀಳು ಕೊಟ್ಟು ಒಂದು ಪಾಲನ್ನು ಹಲ್ಲಿನಲ್ಲಿ ಕಚ್ಚಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಎಳೆಯುತ್ತಾರೆ. ಸೀಳು ಒಂದು ಕಡೆಗೆ ವಾಲಿತೆಂದರೆ ಆ ಕಡೆಯ ಪಾಲು ತೆಳುವಾಗುತ್ತಿದೆ ಎಂದರ್ಥ. ತಕ್ಷಣ ದಪ್ಪ ಪಾಲನ್ನು ಹೆಚ್ಚು ಬಾಗಿಸಿ ಎಳೆದರೆ ಸೀಳು ಮತ್ತೆ ನಡುವಿಗೆ ಬರುತ್ತದೆ. ಚಾಕುವಿನಿಂದ ಇದು ಆಗದು. ಚಾಕು ತನಗೆ ತೋಚಿದ ಕಡೆ ನಾರನ್ನು ಕತ್ತರಿಸುತ್ತದೆ, ಕೈ ಮತ್ತು ಹಲ್ಲು ನಾರಿನ ದಾರಿ ಹಿಡಿದು ಹೋಗುತ್ತವೆ. ಸೀಳಿದ್ದರ ಸಿಪ್ಪೆ ತೆಗೆದು, ಸುತ್ತಿ ಕಟ್ಟಿ, ತಿಂಗಳುಗಟ್ಟಲೆ ಒಣಗಲು ಬಿಡುತ್ತಾರೆ. ಹಸಿ ಎಳೆಯಲ್ಲಿ ಹೊಲಿದರೆ ಅದು ಬುಟ್ಟಿಯ ಮೇಲೆಯೇ ಒಣಗಿ ಸೊರಗಿ ಹೊಲಿಗೆಗಳ ನಡುವೆ ಸಂದು ಬಿಡುತ್ತದೆ. ಹೊಲಿಯುವಾಗ ಮಾತ್ರ ಮತ್ತೆ ನೆನೆಸಿ, ಚಾಕುವಿನ ಅಂಚಿನಡಿ ಎಳೆದು ಅಗಲ ಸಮ ಮಾಡಿಕೊಳ್ಳುವುದು.

ಕಪ್ಪು ಎಳೆ ಬುಲ್‌ರಶ್ ಜೊಂಡಿನ ನೆಲಕಾಂಡದಿಂದ. ಅದನ್ನು ಬೂದಿ, ತುಕ್ಕು ಕಬ್ಬಿಣ, ವಾಲ್ನಟ್ ಸಿಪ್ಪೆ ಇಂಥವು ಸೇರಿದ ಕೆಸರಿನಲ್ಲಿ ವಾರಗಟ್ಟಲೆ ಹೂತು ಕಪ್ಪಾಗಿಸುತ್ತಾರೆ. ಕೆಂಗಂದು ಬಣ್ಣಕ್ಕೆ ರೆಡ್‌ಬಡ್ ಎಂಬ ಗಿಡದ ಚಿಗುರುಕೋಲು, ತೊಗಟೆ ಸಹಿತ. ನಮ್ಮ ಮಂದಾರ, ಬಸವನಪಾದದ ಹತ್ತಿರದ ನೆಂಟ ಅದು. ಎಲೆ ಉದುರಿದ ಮೇಲೆ ಕೊಯ್ದರೆ ತೊಗಟೆ ಮರಕ್ಕೆ ಅಂಟಿಕೊಂಡಿರುತ್ತದೆ, ವಸಂತದಲ್ಲಿ ಕೊಯ್ದರೆ ಸುಲಿದುಹೋಗುತ್ತದೆ. ಒಳಗಿನ ಕಡ್ಡಿಗೆ ವಿಲೋ, ಕ್ರಿಕೆಟ್ ಬ್ಯಾಟಿನ ಮರದ ಕುಲವೇ. ಇಲ್ಲಿ ಲೆಕ್ಕ ತಿರುಗಾಮುರುಗಾ: ತೊಗಟೆ ಸುಲಭವಾಗಿ ಸುಲಿದು ಬರಲೆಂದು ವಸಂತದಲ್ಲೇ ಕೊಯ್ಯುತ್ತಾರೆ. ಕವಲಿಲ್ಲದ ನೇರ ಕೋಲು ಬೇಕಾದರೆ ಗಿಡವನ್ನು ಹಿಂದಿನ ವರ್ಷ ಬುಡಕ್ಕೆ ಸವರಿರಬೇಕು, ಇಲ್ಲವೇ ಸುಟ್ಟಿರಬೇಕು. ಈ ಸುಡುವಿಕೆಗೆ ಸರ್ಕಾರ ದಶಕಗಟ್ಟಲೆ ತಡೆ ಹಾಕಿದ್ದರಿಂದ, ರಸ್ತೆಬದಿಯ ಗಿಡಗಳಿಗೆ ಕಳೆನಾಶಕ ಹೊಡೆದದ್ದರಿಂದ ಹೆಣೆಯುವವರಿಗೆ ಕೋಲೇ ಸಿಗದಂತಾಯಿತು. ಹಲ್ಲಿನಲ್ಲಿ ಕಚ್ಚಿ ಸೀಳುವವರಿಗೆ ಕಳೆನಾಶಕ ಅಂದರೆ ಬಾಯಿಗೇ ವಿಷ. 1992ರಲ್ಲಿ ಹುಟ್ಟಿದ ಕ್ಯಾಲಿಫೋರ್ನಿಯಾ ಇಂಡಿಯನ್ ಬಾಸ್ಕೆಟ್‌ವೀವರ್ಸ್ ಅಸೋಸಿಯೇಷನ್ ಮೊದಲಿನಿಂದಲೂ ಈ ಎರಡರ ಬಗ್ಗೆ ದನಿ ಎತ್ತಿದೆ.

ಇಲ್ಲಿ ಬಳಸಿದ್ದು

ಸೆಡ್ಜ್ ಆಗಲಿ ವಿಲೋ ಆಗಲಿ ತರಿಸಿಕೊಂಡಿಲ್ಲ, ತರಿಸಿಕೊಳ್ಳುವುದೂ ಬೇಡ. ಅವರ ಪಾತಿಗಳೇ ಅವರಿಗೆ ಸಾಲದು. ಅಭ್ಯಾಸದ ಬುಟ್ಟಿಗೆ ಒಳಕಡ್ಡಿ ಬೆತ್ತದ ತಿರುಳಿನದು, ಹೊಲಿಯುವ ಎಳೆ ರಾಫಿಯಾ, ಅಂದರೆ ಒಂದು ಬಗೆಯ ತಾಳೆಯ ಗರಿಯಿಂದ ಸುಲಿದ ನಾರು. ತೆಂಗಿನ ಗರಿಯ ಕಡ್ಡಿ ಪ್ರಯತ್ನಕ್ಕೆ ಸಿಗುತ್ತದೆ, ಆದರೆ ಬುಡದಿಂದ ತುದಿಗೆ ಸಪೂರವಾಗುತ್ತ ಹೋಗುವುದರಿಂದ ಸುತ್ತಿನ ಎತ್ತರ ಒಂದೇ ಸಮ ಬರುವುದಿಲ್ಲ. ಜೊತೆಗೆ 3 ಮಿಮೀ ತಿರುವಿನಲ್ಲಿ ಮುರಿಯುತ್ತದೆ. ಬಿದಿರು ನಡೆಯುತ್ತದೆ, ಆದರೆ ಗೋಡೆಯಲ್ಲಿ ಮಾತ್ರ. ತಳದ ಮೊದಲ ಮೂರು ಸುತ್ತಿಗೆ ಬೆತ್ತವೇ ಬೇಕು.

ಬೇಕಾದ ಮೊತ್ತ: ಒಟ್ಟು ಸುರುಳಿಯ ಉದ್ದ ಸುಮಾರು 1.25 ಮೀಟರ್. ಮೂರು ಕಡ್ಡಿಗೆ 3.75 ಮೀಟರ್, ಜೋಡಣೆಗೆ ಹೋಗುವುದು ಸೇರಿ ನಾಲ್ಕೂವರೆ. 30 ಸೆಂಮೀ ಉದ್ದದ 20 ಕಡ್ಡಿ ಮಾಡಿಟ್ಟುಕೊಂಡರೆ ಐದು ಹಾಳಾದರೂ ಚಿಂತೆಯಿಲ್ಲ. ಒಂದು ಹೊಲಿಗೆ ನುಂಗುವ ಎಳೆ 5 ಮಿಮೀ. 1,500 ಹೊಲಿಗೆಗೆ ಏಳೂವರೆ ಮೀಟರ್. 25 ಸೆಂಮೀ ಎಳೆಯಲ್ಲಿ ಎರಡು ತುದಿಯ ನಷ್ಟ ಕಳೆದು 40 ಹೊಲಿಗೆ ಬರುತ್ತದೆ. ಬಿಳಿ 60 ಎಳೆ, ಕಪ್ಪು 10 ಎಳೆ ಸಾಕು. ಎಳೆ ಇನ್ನೂ ಉದ್ದ ಇಟ್ಟರೆ ಲಾಭವೆನಿಸುತ್ತದೆ, ಆದರೆ ಅದೇ ತೂತುಗಳಲ್ಲಿ ಮತ್ತೆ ಮತ್ತೆ ಉಜ್ಜಿ ಕೊನೆಯ 10 ಸೆಂಮೀ ಎಳೆ ಮೇಲ್ಮೈ ಎದ್ದು ರೋಮ ರೋಮವಾಗುತ್ತದೆ.

ಕಡ್ಡಿ ಎಳೆಯುವುದು: ಅಕ್ಕಸಾಲಿಗರ ಕಂಬಚ್ಚು (ತಂತಿ ಎಳೆದು ಸಪೂರ ಮಾಡುವ, ಸಾಲು ತೂತಿನ ಉಕ್ಕಿನ ಪಟ್ಟಿ) ಇದ್ದರೆ ಅದನ್ನೇ ಬಳಸಬಹುದು, ಆದರೆ ತಿರುಗಿಸಿ. ಲೋಹದ ತಂತಿಯನ್ನು ಅಗಲ ಬಾಯಿಯ ಕಡೆಯಿಂದ ತೂರಿಸುತ್ತಾರೆ, ಅದು ಒತ್ತಿ ಸಪೂರ ಮಾಡುತ್ತದೆ. ಬೆತ್ತವನ್ನು ಒತ್ತಿದರೆ ನೀರು ಸೋಕಿದ ಕೂಡಲೇ ಉಬ್ಬಿ ಮೊದಲಿನಂತಾಗುತ್ತದೆ. ಕಿರಿದಾದ, ಚೂಪು ಅಂಚಿನ ಕಡೆಯಿಂದ ತೂರಿಸಿದರೆ ಅಂಚು ಕೆರೆಯುತ್ತದೆ. ಕಂಬಚ್ಚು ಇಲ್ಲದಿದ್ದರೆ 1 ಮಿಮೀ ಉಕ್ಕಿನ ತಗಡಿನಲ್ಲಿ 1.0, 0.9, 0.8, 0.7, 0.6 ಮಿಮೀ ತೂತು ಕೊರೆದು, ಒಂದು ಮುಖವನ್ನು ಸಾಣೆಕಲ್ಲಿನ ಮೇಲೆ ಉಜ್ಜಿ ಚೂಪು ಮಾಡಿಕೊಳ್ಳಿ. ಒಣ ಬೆತ್ತವನ್ನೇ ಎಳೆಯಬೇಕು. ಒಂದು ತೂತನ್ನೂ ಹಾರಿಸಬಾರದು, 0.8ರಿಂದ ನೇರ 0.6ಕ್ಕೆ ಹೋದರೆ ಕಡ್ಡಿ ಒಂದು ಪಕ್ಕ ಸಿಗಿದು ಬರುತ್ತದೆ.

ಎಳೆ ಸೀಳಲು ಸುಲಭದ ಉಪಾಯ: ಎರಡು ಶೇವಿಂಗ್ ಬ್ಲೇಡುಗಳ ನಡುವೆ ಹಳೆಯ ಎಟಿಎಂ ಕಾರ್ಡಿನ ತುಂಡಿಟ್ಟು ಸ್ಕ್ರೂ ಬಿಗಿಯಿರಿ. ಕಾರ್ಡಿನ ದಪ್ಪ 0.76 ಮಿಮೀ, ಎಲ್ಲ ಬ್ಯಾಂಕಿನದ್ದೂ ಒಂದೇ. ತುಸು ತೇವ ಮಾಡಿ ಬಿಡಿಸಿದ ರಾಫಿಯಾ ಪಟ್ಟಿಯನ್ನು ಮರದ ಹಲಗೆಗೆ ಒತ್ತಿ, ಜೋಡಿ ಬ್ಲೇಡನ್ನು ನಾರಿನ ಜಾಡಿನಲ್ಲೇ ಎಳೆದರೆ 0.8ಕ್ಕೆ ಸಮೀಪದ ಎಳೆ ಬರುತ್ತದೆ. ಜಾಡು ಓರೆಯಾಗಿದ್ದರೆ ಆ ಪಟ್ಟಿ ಬಿಟ್ಟುಬಿಡಿ. ಓರೆ ಕತ್ತರಿಸಿದ ಎಳೆ ನೋಡಲು ಚೆನ್ನಾಗಿಯೇ ಇರುತ್ತದೆ, ಹತ್ತನೇ ಹೊಲಿಗೆಗೆ ತುಂಡಾಗುತ್ತದೆ. ರಾಫಿಯಾದ ಕೊರತೆಯನ್ನೂ ಹೇಳಬೇಕು: ಸೆಡ್ಜ್ ಎಳೆಯ ಒಂದು ಮುಖ ದುಂಡು, ಒಂದು ಮುಖ ಚಪ್ಪಟೆ, ಒಣಗಿದರೆ ಮರದಂತೆ ಗಟ್ಟಿ. ರಾಫಿಯಾ ಬರೀ ಪೊರೆ. ಹೊಳಪೂ ಬಾರದು, ಬಿಗಿಯೂ ಅಷ್ಟಕ್ಕಷ್ಟೇ.

ಕಪ್ಪಿಗೆ ಅಳಲೆಕಾಯಿ ಮತ್ತು ಅನ್ನಭೇದಿ. ಕೆಸರಿನಲ್ಲಿ ಹೂಳುವಾಗ ನಡೆಯುವುದೂ ಇದೇ: ಒಗರಿನ ಅಂಶ ಕಬ್ಬಿಣದೊಂದಿಗೆ ಸೇರಿ ಕರಿ ಕಟ್ಟುತ್ತದೆ. 10 ಗ್ರಾಂ ಎಳೆಗೆ 5 ಗ್ರಾಂ ಅಳಲೆಪುಡಿ, ಅರ್ಧ ಲೀಟರ್ ನೀರು. ಅರ್ಧ ಗಂಟೆ ಬಿಸಿಯಲ್ಲಿಟ್ಟು ಹಿಂಡಿ, ಬೇರೆ ಪಾತ್ರೆಯಲ್ಲಿ ಅರ್ಧ ಗ್ರಾಂ ಅನ್ನಭೇದಿ ಕರಗಿಸಿದ ನೀರಿಗೆ ಹತ್ತು ನಿಮಿಷ. ಸಾಲದಿದ್ದರೆ ಮತ್ತೆ ಅಳಲೆ, ಮತ್ತೆ ಅನ್ನಭೇದಿ. ಒಂದೇ ಸಲಕ್ಕೆ ಹೆಚ್ಚು ಅನ್ನಭೇದಿ ಸುರಿದರೆ ಬಣ್ಣ ಬೇಗ ಬರುತ್ತದೆ, ಆದರೆ ಉಳಿದ ಕಬ್ಬಿಣ ನಾರನ್ನು ವರ್ಷಗಳ ಮೇಲೆ ತಿಂದುಹಾಕುತ್ತದೆ. ಕೊನೆಗೆ ನಾಲ್ಕು ನೀರಿನಲ್ಲಿ ಜಾಲಾಡಿಸಿ. ಬಿಳಿ ಎಳೆಯ ಪಕ್ಕ ಒದ್ದೆ ಕಪ್ಪು ಎಳೆ ಹಚ್ಚಿ ಬಟ್ಟೆಯ ಮೇಲೆ ರಾತ್ರಿಯಿಡೀ ಇಟ್ಟು ನೋಡಿ, ಬಣ್ಣ ಸೋರಿದರೆ ಇನ್ನೂ ಎರಡು ನೀರು.

ದಬ್ಬಳಕ್ಕೆ ಮೂಳೆಯದು ಹಳೆಯ ರೂಢಿ, ಉಕ್ಕಿನದು ಆಮೇಲೆ ಬಂತು. ಇಲ್ಲಿ ಬಳಸಿದ್ದು 0.6 ಮಿಮೀ ದಪ್ಪದ ಹೊಲಿಗೆಸೂಜಿ, ಕಣ್ಣಿನ ಕಡೆಯನ್ನು ಮರದ ಹಿಡಿಗೆ ಸೇರಿಸಿ. ಅಂಗಡಿಯ ಸೂಜಿಯ ಮೊನೆ ಇದ್ದಂತೆ ಬಳಸಬೇಡಿ. 1000, ಆಮೇಲೆ 2000 ನಂಬರಿನ ಉಜ್ಜುಕಾಗದದಲ್ಲಿ ಮೊನೆಯನ್ನು ತುಸು ಮೊಂಡು ಮಾಡಬೇಕು. ನಾರನ್ನು ಪಕ್ಕಕ್ಕೆ ಸರಿಸುವ ಮೊನೆ ಬೇಕು, ಕುಯ್ಯುವ ಮೊನೆ ಬೇಡ.

ಮೊಗ್ಗು ಮತ್ತು ತಳ

ಮೂರು ಕಡ್ಡಿಯನ್ನು ಮೊದಲಿಗೇ ಸುರುಳಿ ಸುತ್ತಲಾಗದು. ಎಳೆ ಸಮ ಮಾಡುವಾಗ ಬಿದ್ದ ನಾರಿನ ಸಿಬಿರುಗಳನ್ನು ಒಟ್ಟುಗೂಡಿಸಿ 1 ಮಿಮೀ ದಪ್ಪದ ಕಂತೆ ಮಾಡಿ, 10 ಮಿಮೀ ಉದ್ದ ಬಿಗಿಯಾಗಿ ಎಳೆ ಸುತ್ತಿ, ಬಸವನಹುಳುವಿನಂತೆ ಸುರುಟಿ, ನಡುವಿನ ಮೂಲಕ ಎರಡು ಹೊಲಿಗೆ ಹಾಕಿ ಬಿಗಿಯಿರಿ. 3 ಮಿಮೀ ಅಗಲದ ಮೊಗ್ಗು ಇದು. ನಡುವೆ ತೂತು ಉಳಿಯಬಾರದು. ಉಳಿದರೆ ಮುಂದೆ ಮುಚ್ಚುವ ದಾರಿಯಿಲ್ಲ, ಬಿಚ್ಚಿ ಮತ್ತೆ ಮಾಡಿ. ಮೊದಲ ಸುತ್ತಿನಲ್ಲಿ ಕಂತೆಯೊಳಗೆ ಒಂದು ಕಡ್ಡಿ ತೂರಿಸಿ, ತುದಿಯನ್ನು 6 ಮಿಮೀ ಉದ್ದ ಓರೆಯಾಗಿ ಕೆತ್ತಿರಬೇಕು. ಅರ್ಧ ಸುತ್ತಿನ ಮೇಲೆ ಎರಡನೆಯದು, ಎರಡನೇ ಸುತ್ತಿನ ಆರಂಭಕ್ಕೆ ಮೂರನೆಯದು. ಸಿಬಿರು ಅಷ್ಟರಲ್ಲಿ ತಾನಾಗಿ ಮುಗಿಯುತ್ತದೆ.

ಇಲ್ಲಿಂದ ಮುಂದೆ ಪ್ರತಿ ಹೊಲಿಗೆಯೂ ಒಂದೇ ತೆರ. ಮೂರು ಕಡ್ಡಿಗಳು ತ್ರಿಕೋನವಾಗಿ ಕೂರುತ್ತವೆ: ಕೆಳಗೆ ಎರಡು, ಮೇಲೊಂದು. ಹೊಸ ಸುತ್ತಿನ ಕೆಳಗಿನೆರಡು ಕಡ್ಡಿ ಹಿಂದಿನ ಸುತ್ತಿನ ಮೇಲ್ಕಡ್ಡಿಯ ಎರಡು ಪಕ್ಕ ತೊಡರಿಕೊಂಡು ಕುದುರೆ ಸವಾರಿಯಂತೆ ಕೂರಬೇಕು. ದಬ್ಬಳವನ್ನು ಹೊರಮುಖದಿಂದ, ಹಿಂದಿನ ಸುತ್ತಿನ ಮೇಲ್ಕಡ್ಡಿಯ ಅಡಿಗೆ, ಎರಡು ಹಳೆಯ ಹೊಲಿಗೆಗಳ ನಡುವೆ ತೂರಿಸಿ. ಎಳೆಯ ತುದಿಯನ್ನು ಓರೆಯಾಗಿ ಕತ್ತರಿಸಿ ಚೂಪು ಮಾಡಿ, ದಬ್ಬಳ ತೆಗೆದ ಕೂಡಲೇ, ತೂತು ಮುಚ್ಚಿಕೊಳ್ಳುವ ಮುಂಚೆ, ಅದೇ ದಾರಿಯಲ್ಲಿ ಒಳಕ್ಕೆ ಕಳಿಸಿ. ಒಳಗಿನಿಂದ ಎಳೆದು, ಕಡ್ಡಿಗಳ ಮೇಲಿಂದ ಹೊರಗೆ ತಂದು ಮುಂದಿನ ತೂತಿಗೆ. ಎಳೆಯುವಾಗ ಬಿಗಿ ಸುರುಳಿ ಹರಿಯುವ ದಿಕ್ಕಿಗೆ ಇರಲಿ. ಮೇಲಕ್ಕೆ ಎಳೆದರೆ ಮೂರು ಕಡ್ಡಿಯ ತ್ರಿಕೋನ ತಿರುಚಿ ಮೇಲ್ಕಡ್ಡಿ ಒಳಕ್ಕೆ ಜಾರುತ್ತದೆ, ಮುಂದಿನ ಸುತ್ತಿಗೆ ಹಿಡಿಯಲು ಕಡ್ಡಿಯೇ ಸಿಗದು.

ಹತ್ತು ಪಟ್ಟು ದೊಡ್ಡದಾಗಿ ತೋರುವ ಮಸೂರದಡಿ ಇಟ್ಟಾಗ ಸರಿಯಾದ ಹೊಲಿಗೆ ಹೀಗೆ ಕಾಣುತ್ತದೆ: ಎಳೆ ತೂತಿಗೆ ಇಳಿಯುವಲ್ಲಿ ತುಸು ಕಿರಿದಾಗಿ, ಕಡ್ಡಿಗಳ ಬೆನ್ನಿನ ಮೇಲೆ ಪೂರ್ಣ ಅಗಲಕ್ಕೆ ಹರಡಿ, ಭತ್ತದ ಕಾಳಿನ ಆಕಾರ. ಎರಡು ಕಾಳುಗಳ ಹೊಟ್ಟೆ ಒಂದಕ್ಕೊಂದು ತಾಗಿರುತ್ತದೆ, ತುದಿಗಳ ನಡುವೆ ಸಣ್ಣ ಸಂದು. ಆ ಸಂದಿನಲ್ಲೇ ಮುಂದಿನ ಸುತ್ತಿನ ದಬ್ಬಳ ಇಳಿಯಬೇಕು. ತಪ್ಪಾದ ಹೊಲಿಗೆಯಲ್ಲಿ ಕಾಳು ನಡುವೆ ಸೀಳಿ, ಬೆತ್ತದ ಕಂದು ಬಣ್ಣ ಗೆರೆಯಾಗಿ ಇಣುಕುತ್ತದೆ. ಒಂಬತ್ತನೇ ಸುತ್ತಿನಲ್ಲಿ ಇಂಥ ಏಳು ಹೊಲಿಗೆ ಸಾಲಾಗಿ ಬಂದವು. ಕಾರಣ ದಬ್ಬಳದ ಮೊನೆಯಲ್ಲಿ ಎದ್ದ ಚಿಕ್ಕ ಮುಳ್ಳು, ಉಗುರಿನ ಮೇಲೆ ಎಳೆದು ನೋಡಿದರೆ ಮಾತ್ರ ತಿಳಿಯುವಂಥದ್ದು. ಎಂಟು ಹೊಲಿಗೆ ಬಿಚ್ಚಿ, ಮೊನೆ ಮತ್ತೆ ಉಜ್ಜಿ ಮುಂದುವರಿಯಬೇಕಾಯಿತು. ಇನ್ನೂರು ಹೊಲಿಗೆಗೊಮ್ಮೆ ಮೊನೆ ಪರೀಕ್ಷಿಸುವುದು ಒಳ್ಳೆಯದು.

0.6 ಮಿಮೀ ಕಡ್ಡಿಗೆ ಒಂದು ಸುತ್ತು ಏರುವ ಎತ್ತರ ಸುಮಾರು 1.3 ಮಿಮೀ. ತಳ ಚಪ್ಪಟೆ ಬರಬೇಕಾದರೆ ಸುತ್ತು ಎಷ್ಟನೆಯದೇ ಇರಲಿ, ಹಿಂದಿನದಕ್ಕಿಂತ 10 ಹೊಲಿಗೆ ಹೆಚ್ಚಬೇಕು; ಸೆಂಟಿಮೀಟರಿಗೆ 12 ಹೊಲಿಗೆಯ ಲೆಕ್ಕದಲ್ಲಿ ಇದು ಬದಲಾಗದ ಸಂಖ್ಯೆ. ಹೆಚ್ಚಿಸುವುದು ಅಂದರೆ ಒಂದೇ ಸಂದಿನಲ್ಲಿ ಎರಡು ಹೊಲಿಗೆ. ಆ ಜೋಡಿಗಳನ್ನು ಸುತ್ತಿನುದ್ದಕ್ಕೂ ಚದುರಿಸಿ, ಹಿಂದಿನ ಸುತ್ತಿನ ಜೋಡಿಯ ನೇರಕ್ಕೆ ಬಾರದಂತೆ. ಒಂದರ ಮೇಲೊಂದು ಬಂದರೆ ತಳ ವೃತ್ತವಾಗದೆ ಮೂಲೆಮೂಲೆಯಾಗುತ್ತದೆ. ಹೆಚ್ಚಳ ಸಾಲದಿದ್ದರೆ ತಳ ಬಟ್ಟಲಿನಂತೆ ಏಳುತ್ತದೆ, ಅತಿಯಾದರೆ ಹಪ್ಪಳದಂತೆ ಅಲೆಯುತ್ತದೆ. ಐದು ಸುತ್ತಿಗೆ ತಳ 16 ಮಿಮೀ, ಕೊನೆಯ ಸುತ್ತಿನಲ್ಲಿ 60 ಹೊಲಿಗೆ.

ಗೋಡೆ

ಆಕಾರ ಬರುವುದು ಬಿಗಿಯಿಂದಲ್ಲ, ಹೊಸ ಸುತ್ತನ್ನು ಎಲ್ಲಿ ಕೂರಿಸುತ್ತೀರಿ ಎಂಬುದರಿಂದ. ಮೊದಲ ಏಳು ಸುತ್ತು ಕಡ್ಡಿಕಂತೆಯನ್ನು ತುಸು ಹೊರಕ್ಕೆ ಸರಿಸಿ ಹಿಡಿದು, ಸುತ್ತಿಗೆ 6 ಅಥವಾ 7 ಹೊಲಿಗೆ ಹೆಚ್ಚಿಸುತ್ತ 105ಕ್ಕೆ ತರಬೇಕು. ಮುಂದಿನ ಎರಡು ಸುತ್ತು ನೇರ. ಕೊನೆಯ ಐದು ಸುತ್ತು ಒಳಕ್ಕೆ, ಸುತ್ತಿಗೆ 4 ಹೊಲಿಗೆ ಇಳಿಸುತ್ತ. ಒಂದು ಸಂದು ಬಿಟ್ಟು ಮುಂದಿನದಕ್ಕೆ ಹೋಗುವುದೇ ಇಳಿಸುವ ವಿಧಾನ. ಬಿಟ್ಟ ಸಂದಿನ ಮೇಲೆ ಪಕ್ಕದ ಎರಡು ಹೊಲಿಗೆಗಳನ್ನು ಉಗುರಿನಿಂದ ಒತ್ತಿ ಸೇರಿಸಿ.

ಕಡ್ಡಿ ಮುಗಿದಾಗ ಜೋಡಿಸುವುದು ಓರೆಗೆ ಓರೆ, 6 ಮಿಮೀ ಉದ್ದ. ಮೂರು ಕಡ್ಡಿಯ ಜೋಡಣೆ ಒಂದೇ ಜಾಗದಲ್ಲಿ ಬರಬಾರದು, ಕನಿಷ್ಠ 25 ಮಿಮೀ ಅಂತರ ಇರಲಿ. ಇದನ್ನು ಕಾಯ್ದುಕೊಳ್ಳಲು ಆರಂಭದಲ್ಲೇ ಮೂರು ಕಡ್ಡಿಯನ್ನು ಬೇರೆ ಬೇರೆ ಉದ್ದಕ್ಕೆ ಕತ್ತರಿಸಿದರೆ ಸಾಕು, ಆಮೇಲೆ ತಾನಾಗಿ ಸರಿಹೋಗುತ್ತದೆ. ಎಳೆ ಮುಗಿದರೆ ಹಳೆಯ ತುದಿಯನ್ನು ಒಳಮುಖಕ್ಕೆ ತಂದು ಕಡ್ಡಿಗಳ ಉದ್ದಕ್ಕೆ ಮಲಗಿಸಿ, ಹೊಸ ಎಳೆಯ ಬುಡವನ್ನೂ ಅಲ್ಲೇ ಮಲಗಿಸಿ, ಮುಂದಿನ ಐದು ಹೊಲಿಗೆಯಡಿ ಎರಡನ್ನೂ ಹೂತುಬಿಡಿ. ಉಳಿದ ತುದಿಯನ್ನು ಒಣಗಿದ ಮೇಲೆಯೇ ಸವರುವುದು. ಒದ್ದೆಯಲ್ಲಿ ಸವರಿದರೆ ಒಣಗುವಾಗ ಒಳಕ್ಕೆ ಸೇದಿಕೊಂಡು ಬಿಚ್ಚುತ್ತದೆ.

ನೀರಿನ ವಿಷಯದಲ್ಲಿ ಜಿಪುಣರಾಗಿರಿ. ಕಡ್ಡಿ ಹತ್ತು ನಿಮಿಷ ನೆನೆದರೆ ಸಾಕು. ರಾಫಿಯಾ ಎಳೆಯನ್ನು ನೀರಿಗೆ ಹಾಕಲೇಬೇಡಿ, ಒದ್ದೆ ಬಟ್ಟೆಯ ಮಡಿಕೆಯಲ್ಲಿ ಇಟ್ಟು ಒಂದೊಂದಾಗಿ ತೆಗೆಯಿರಿ. ತೊಯ್ದ ಎಳೆ ಉಬ್ಬಿ, ಸೆಂಟಿಮೀಟರಿಗೆ 12ರ ಬದಲು 11 ಹೊಲಿಗೆಗೇ ಜಾಗ ತುಂಬಿದಂತೆ ಕಾಣುತ್ತದೆ. ಮೂರು ದಿನದ ಮೇಲೆ ನೋಡಿದರೆ ಸಂದು ಬಿಟ್ಟಿರುತ್ತದೆ.

ವಿನ್ಯಾಸ ಮತ್ತು ದೌ

ಪೋಮೋ ಬುಟ್ಟಿಯ ಸುತ್ತುಪಟ್ಟಿಯಲ್ಲಿ ಒಂದು ಕಡೆ ವಿನ್ಯಾಸವನ್ನು ಬೇಕೆಂದೇ ಮುರಿದಿರುತ್ತಾರೆ. ಅದಕ್ಕೆ ದೌ ಎಂದು ಹೆಸರು. 1908ರಲ್ಲಿ ಈ ಬುಟ್ಟಿಗಳ ಬಗ್ಗೆ ವಿವರವಾಗಿ ಬರೆದ ಎಸ್. ಎ. ಬ್ಯಾರೆಟ್, ದೌ ಬಿಡದೆ ಪಟ್ಟಿ ಮುಚ್ಚಿದರೆ ಹೆಣೆದವಳ ಕಣ್ಣು ಹೋಗುತ್ತದೆಂಬ ನಂಬಿಕೆಯನ್ನು ದಾಖಲಿಸಿದ್ದಾರೆ. ನೋಡಿದ ಕೂಡಲೇ ಅದನ್ನು ಅಲಂಕಾರದಂತೆ ಅನುಕರಿಸಬೇಕೆನಿಸುತ್ತದೆ. ಈ ಬುಟ್ಟಿಯಲ್ಲಿ ಹಾಗೆ ಮಾಡಿಲ್ಲ. ಅದು ಹೆಣೆಯುವವಳಿಗೂ ಅವಳ ಬುಟ್ಟಿಗೂ ನಡುವಿನ ಮಾತು. ಅಭ್ಯಾಸದ ರಾಫಿಯಾ ಬುಟ್ಟಿಗೆ ಅದನ್ನು ಎರವಲು ತರುವುದು ಸಲ್ಲದು. ಕ್ವೇಲ್ ಹಕ್ಕಿಯ ಜುಟ್ಟು, ಬಾಣದ ಮೊನೆ ಮುಂತಾಗಿ ಹೆಸರಿರುವ ಅವರ ಆಕೃತಿಗಳನ್ನೂ ತೆಗೆದುಕೊಂಡಿಲ್ಲ. ಮರಕುಟಿಗದ ಕೆಂಪು ನೆತ್ತಿ, ಬಾತುಕೋಳಿಯ ಹಸಿರು ಕತ್ತು, ಮೆಡೋಲಾರ್ಕ್ ಹಕ್ಕಿಯ ಹಳದಿ ಎದೆಯ ಗರಿ ಹೊಲಿಗೆಯೊಂದಿಗೆ ಸಿಕ್ಕಿಸಿದ ಕಿರುಬುಟ್ಟಿಗಳಂತೂ ಉಡುಗೊರೆಗೆ, ಗೌರವಕ್ಕೆ ಮೀಸಲು. ಇವುಗಳಲ್ಲಿ ಹೆಸರಾದ ಪೋಮೋ ಹೆಣಿಗೆಗಾರ್ತಿ ಮೇಬಲ್ ಮೆಕೇ ಹೆಣಿಗೆಯಷ್ಟೇ ಗುಣಪಡಿಸುವ ಶಕ್ತಿಗೂ ಹೆಸರಾದವರು. ಅವರ ಮಟ್ಟಿಗೆ ಎರಡೂ ಒಂದೇ ಕೆಲಸ.

ಆದರೆ ಸುರುಳಿಬುಟ್ಟಿಯಲ್ಲಿ ಒಂದು ತಾಂತ್ರಿಕ ತೊಡಕಂತೂ ಇದ್ದೇ ಇದೆ. ಸುತ್ತು ಮುಗಿಯುವ ಕಡೆ ಅದು ಆರಂಭವಾದಲ್ಲಿಗಿಂತ ಒಂದು ಸುತ್ತಿನಷ್ಟು ಮೇಲಿರುತ್ತದೆ. ಮುಚ್ಚಿದ ಅಡ್ಡಪಟ್ಟಿ ಹಾಕಿದರೆ ಅಲ್ಲಿ 1.3 ಮಿಮೀ ಮೆಟ್ಟಿಲು ಎದ್ದು ಕಾಣುತ್ತದೆ. ಅದಕ್ಕಾಗಿ ಬಿಡಿ ಓರೆಗೆರೆಗಳು: ತಳದಿಂದ ಎಣಿಸಿ 12ರಿಂದ 15ನೇ ಸುತ್ತಿನವರೆಗೆ, 15 ಹೊಲಿಗೆಯ ಒಂದು ಭಾಗದಂತೆ ಏಳು ಭಾಗ, ಪ್ರತಿ ಭಾಗದಲ್ಲಿ 5 ಕಪ್ಪು 10 ಬಿಳಿ, ಪ್ರತಿ ಸುತ್ತಿಗೂ ಕಪ್ಪು 3 ಹೊಲಿಗೆ ಮುಂದಕ್ಕೆ. 15ನೇ ಸುತ್ತಿನಿಂದ ಹೊಲಿಗೆ ಇಳಿಯುವುದರಿಂದ ಇಳಿಕೆಯನ್ನು ಬಿಳಿ ಭಾಗದಲ್ಲೇ ಮಾಡಿ. ಕಪ್ಪು ಹೊಲಿಯುವಾಗ ಬಿಳಿ ಎಳೆ, ಬಿಳಿ ಹೊಲಿಯುವಾಗ ಕಪ್ಪು ಎಳೆ ಕಡ್ಡಿಗಳ ಜೊತೆ ಮಲಗಿ ಸಾಗುತ್ತದೆ. ಅದರಿಂದ ಸುತ್ತು ಕೂದಲಷ್ಟು ದಪ್ಪವಾಗುತ್ತದೆ. ಬೇಕಾದರೆ ಆ ನಾಲ್ಕು ಸುತ್ತಿಗೆ ಒಂದು ಕಡ್ಡಿಯನ್ನು 0.5 ಮಿಮೀಗೆ ಎಳೆದು ಹಾಕಿ.

ಬಾಯಂಚಿಗೆ ಬೇರೆ ಹೆಣಿಗೆ ಇಲ್ಲ, ಕೊನೆಯ ಸುತ್ತೇ ಅಂಚು. ಮೂರು ಕಡ್ಡಿಯನ್ನು ಕೊನೆಯ 15 ಮಿಮೀ ಒಳಗೆ ಒಂದಾದ ಮೇಲೊಂದು ಓರೆಯಾಗಿ ಕೆತ್ತಿ ಮುಗಿಸಿ, ಅಂಚು ಮೆಟ್ಟಿಲಾಗದೆ ಜಾರಿ ಇಳಿಯುವಂತೆ. ಕೊನೆಯ ಎಳೆ ಆರು ಹೊಲಿಗೆಯಡಿ ಹಿಂದಕ್ಕೆ ಹೋಗಿ ಅಡಗುತ್ತದೆ. ಮೂರು ದಿನ ನೆರಳಲ್ಲಿ ಒಣಗಿಸಿ, ಮಸೂರದಡಿ ರೋಮ ಸವರಿ. ಬೆಂಕಿಯಲ್ಲಿ ಸೋಕಿಸುವವರಿದ್ದಾರೆ, 0.2 ಮಿಮೀ ದಪ್ಪದ ರಾಫಿಯಾಕ್ಕೆ ಅದು ಆಗದು. ವಾರ್ನಿಷ್ ಬೇಡವೇ ಬೇಡ.

ಮಾರುವ ಯೋಚನೆ ಬಂದರೆ ಒಂದು ಮಾತು. ಮೂಲನಿವಾಸಿಗಳು ಮಾಡದ್ದನ್ನು ಅವರು ಮಾಡಿದ್ದೆಂದು ಮಾರುವುದು ಅಮೆರಿಕದಲ್ಲಿ 1990ರ ಕಾನೂನಿನಡಿ ಅಪರಾಧ. ಕಾನೂನು ಇಲ್ಲದ ಕಡೆಯೂ ಇದನ್ನು ಪೋಮೋ ಬುಟ್ಟಿ ಎನ್ನಬಾರದು, ಮೂರು ಕಡ್ಡಿ ಸುರುಳಿ ವಿಧಾನದ ಅಭ್ಯಾಸ ಎಂದರೆ ಸಾಕು.

ಹಳೆಯ ಬುಟ್ಟಿ ಕೈಗೆ ಬಂದರೆ

ಹೊಲಿಗೆ ಬಿಟ್ಟ ಹಳೆಯ ಕಿರುಬುಟ್ಟಿಯನ್ನು ಮೇಲಿನ ವಿಧಾನದಲ್ಲಿ ಮತ್ತೆ ಹೊಲಿಯಬೇಡಿ. ಒಣಗಿದ ಹಳೆಯ ಸೆಡ್ಜ್ ಪಕ್ಕ ದಬ್ಬಳ ತೂರಿಸಿದರೆ ಒಂದರ ಬದಲು ನಾಲ್ಕು ಹೊಲಿಗೆ ಮುರಿಯುತ್ತವೆ. ಸಂರಕ್ಷಕರು ಜಪಾನಿ ಕಾಗದದ ಸಪೂರ ಎಳೆಯನ್ನು ಗೋಧಿಗಂಜಿಯ ಅಂಟಿನಿಂದ ಒಳಮುಖದಲ್ಲಿ ಹಚ್ಚಿ ಬಿಟ್ಟ ತುದಿಗಳನ್ನು ಹಿಡಿಸುತ್ತಾರೆ. ಬೇಕೆಂದಾಗ ನೀರಿನ ತೇವದಿಂದ ಬಿಡಿಸಬಹುದು. ನೀರಿನಲ್ಲಿ ತೊಳೆಯುವುದಂತೂ ಸಲ್ಲ. ಕೈಗವಸು ಹಾಕಿಕೊಂಡೇ ಮುಟ್ಟಿ, ಏಕೆಂದರೆ ಹುಳು ಹಿಡಿಯದಿರಲೆಂದು ಹಿಂದೆ ಸಂಗ್ರಹಗಳಲ್ಲಿ ಇಂಥ ವಸ್ತುಗಳಿಗೆ ಆರ್ಸೆನಿಕ್ ಬಳಿದಿದ್ದುಂಟು.

ಹಳೆಯವು ಉಳಿದದ್ದೇ ಕಡಿಮೆ. ಹೆಣೆದವಳು ತೀರಿಕೊಂಡರೆ ಅವಳ ಬುಟ್ಟಿಗಳನ್ನೂ ಜೊತೆಗೇ ಕಳಿಸುವುದು ರೂಢಿಯಾಗಿತ್ತು. ಪೋಮೋ ಹೆಣಿಗೆಗಾರ್ತಿ ಎಲ್ಸಿ ಆಲೆನ್ ಅವರ ತಾಯಿ ಆನಿ ಬರ್ಕ್, ನನ್ನ ಬುಟ್ಟಿಗಳನ್ನು ಹೂಳಬೇಡ, ಇಟ್ಟುಕೊಂಡು ಕಲಿ, ಕಲಿಸು ಎಂದು ಮಗಳಿಗೆ ಹೇಳಿಹೋದರು. ಎಲ್ಸಿ ಅರವತ್ತು ದಾಟಿದ ಮೇಲೆ ಪೂರ್ಣವಾಗಿ ಹೆಣಿಗೆಗೆ ಇಳಿದು, ಹೊರಗಿನವರಿಗೂ ಕಲಿಸಿದರು; ತಮ್ಮವರಲ್ಲೇ ಕೆಲವರು ಅದಕ್ಕೆ ಮುನಿಸಿಕೊಂಡರೂ 1990ರಲ್ಲಿ ತೀರಿಕೊಳ್ಳುವವರೆಗೂ ಕಲಿಸುವುದು ಬಿಡಲಿಲ್ಲ. ಇಲ್ಲಿ ಬರೆದ ಹಂತಗಳು ಹೊರಗಿನವರಿಗೆ ತಿಳಿದಿರುವುದರ ಹಿಂದೆ ಆ ತಾಯಿ ಮಗಳ ನಿರ್ಧಾರವಿದೆ.

ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿರುವ ಕನ್ನಡಿಗರಿಗೆ, ಪೋಮೋ ಬುಟ್ಟಿಗಳಿರುವ ಯೂಕಾಯಾ ಊರಿನ ಗ್ರೇಸ್ ಹಡ್ಸನ್ ಮ್ಯೂಸಿಯಂ 101 ಹೆದ್ದಾರಿಯಲ್ಲಿ ಎರಡು ಎರಡೂವರೆ ಗಂಟೆಯ ದಾರಿ. ಹೋಗುವಾಗ ಚಿಕ್ಕ ಮಸೂರ ಜೇಬಿನಲ್ಲಿರಲಿ. ಪಟ್ಟಿಯಲ್ಲಿ ದೌ ಎಲ್ಲಿದೆ ಹುಡುಕಿ, ಆಮೇಲೆ ಬುಟ್ಟಿಯ ಒಳಮುಖ ನೋಡಿ: ಎಳೆ ಎಲ್ಲಿ ಮುಗಿದು ಎಲ್ಲಿ ಶುರುವಾಯಿತು ಎಂದು ಗುರುತಿಸಲು ಪ್ರಯತ್ನಿಸಿ.